ಚಕ್ರಕ್ಕೆ ಗಾಳಿ: ವಿದ್ಯುತ್ ಸರಕುಬಂಡಿಗೆ ತಕ್ಕ ಪಂಪನ್ನು ಆರಿಸುವ ಬಗೆ

ವಾಹನದ ಚಕ್ರಕ್ಕೆ ಗಾಳಿ ತುಂಬಿಸುವುದು ಬಹು ಸಾಮಾನ್ಯವಾದ ಕೆಲಸ. ಪಂಕ್ಚರ್ ಅಂಗಡಿಯ ಮುಂದೆ ಬಂಡಿಯನ್ನು ನಿಲ್ಲಿಸುತ್ತೇವೆ. ಅಂಗಡಿಯವನು ಕೊಳವೆಯ ತುದಿಯನ್ನು ವಾಲ್ವಿಗೆ ಒತ್ತಿ ಹಿಡಿಯುತ್ತಾನೆ. ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಅಂಗಡಿಯಿಲ್ಲದ ಹಾದಿಯಲ್ಲಿ, ನಸುಕಿನ ನಾಲ್ಕು ಗಂಟೆಯಲ್ಲಿ, ಹಣ್ಣು ತರಕಾರಿ ತುಂಬಿದ ಬಂಡಿಯ ಚಕ್ರ ತಗ್ಗಿದರೆ ಮಾಡುವುದೇನು? ಇದಕ್ಕಾಗಿ ಕೈಯಲ್ಲಿ ಹಿಡಿದೊಯ್ಯಬಹುದಾದ, ವಿದ್ಯುತ್ತಿನಿಂದ ನಡೆಯುವ ಸಣ್ಣ ಪಂಪುಗಳು ಇಂದು ಪೇಟೆಯಲ್ಲಿ ಹೇರಳವಾಗಿ ದೊರೆಯುತ್ತವೆ. ಅವುಗಳ ಪೆಟ್ಟಿಗೆಗಳ ಮೇಲೆ ಅಚ್ಚಾಗಿರುವ ದೊಡ್ಡ ದೊಡ್ಡ ಸಂಖ್ಯೆಗಳಲ್ಲಿ ಯಾವುದು ಮುಖ್ಯ, ಯಾವುದು ಅಮುಖ್ಯ ಎಂಬುದನ್ನು ನಿರ್ಧರಿಸಲು ಪ್ರೌಢಶಾಲೆಯ ಭೌತವಿಜ್ಞಾನವೇ ಸಾಕು. ಅದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಉದಾಹರಣೆಗೆ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ನಂಗಲಿಯನ್ನು ಆರಿಸಿಕೊಂಡಿದ್ದೇವೆ. ಬೆಂಗಳೂರಿನಿಂದ ಕೋಲಾರ, ಮುಳಬಾಗಿಲುಗಳ ಮೂಲಕ ಪೂರ್ವಕ್ಕೆ ಹೋಗುವ 75ನೆಯ ರಾಷ್ಟ್ರೀಯ ಹೆದ್ದಾರಿ ಕರ್ನಾಟಕವನ್ನು ಬಿಟ್ಟು ಆಂಧ್ರಪ್ರದೇಶವನ್ನು ಹೊಗುವುದು ಇದರ ಬಳಿಯಲ್ಲಿಯೇ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ರಾಜ್ಯದ ಪೂರ್ವದ ಎಲ್ಲೆಯೆಂದು ಶಾಸನಗಳು ಹೇಳುವುದು ನಂಗಲಿಯ ಘಟ್ಟವನ್ನೇ. ಮುಳಬಾಗಿಲು ಸೀಮೆ ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿದೆ; ಇಲ್ಲಿಂದ ಪಲಮನೇರು, ಮೊಗಿಲಿ ಘಟ್ಟ, ಚಿತ್ತೂರುಗಳ ಕಡೆಗೆ ದಾರಿ ಇಳಿಯುತ್ತ ಹೋಗುತ್ತದೆ. ಈ ಎತ್ತರವೂ ಇಳಿಜಾರೂ ನಮ್ಮ ಲೆಕ್ಕಕ್ಕೆ ಬೇಕಾಗುವುವು. ಟೊಮೆಟೊ ಬೆಳೆಗೆ ಹೆಸರಾದ ಈ ಪ್ರದೇಶದಲ್ಲಿ ತೋಟದಿಂದ ವಡ್ಡಹಳ್ಳಿಯ ಅಥವಾ ಕೋಲಾರದ ಮಾರುಕಟ್ಟೆಗೆ ಹಣ್ಣು ಸಾಗಿಸುವ ಸಣ್ಣ ಸರಕುಬಂಡಿಗಳು ಹಗಲಿರುಳು ಓಡಾಡುತ್ತವೆ. ಹರಾಜಿನ ಹೊತ್ತು ತಪ್ಪಿದರೆ ಬೆಳೆಗಾರನಿಗೆ ನಷ್ಟ. ಆದುದರಿಂದ ಚಕ್ರದ ಗಾಳಿ ಇಲ್ಲಿ ಅಲ್ಪ ವಿಷಯವಲ್ಲ.

ಗಾಳಿ ಹೊರುವ ಹೊರೆ

ಗಾಳಿ ತುಂಬಿದ ಟೈರಿಗೆ ಮೊದಲು ಹಕ್ಕುಪತ್ರ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. ಅದು 1845ರ ಮಾತು. ಅದನ್ನು ಬಳಕೆಗೆ ತಂದ ಕೀರ್ತಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್‌ನಿಗೆ ಸಲ್ಲುತ್ತದೆ. ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ರಬ್ಬರಿನ ಗಾಳಿಕೊಳವೆಯನ್ನು ಕಟ್ಟಿ ಯಶಸ್ವಿಯಾದ ಆತ 1888ರಲ್ಲಿ ಹಕ್ಕುಪತ್ರ ಪಡೆದನು.

ಟೈರು ಹೊರೆಯನ್ನು ಹೊರುವುದು ರಬ್ಬರಿನ ಬಲದಿಂದ ಎಂದು ಹಲವರು ಭಾವಿಸುವುದುಂಟು. ವಾಸ್ತವವಾಗಿ ಹೊರೆಯ ಬಹುಪಾಲನ್ನು ಹೊರುವುದು ಒಳಗಿನ ಗಾಳಿ. ರಬ್ಬರು, ನೂಲು, ತಂತಿಗಳು ಆ ಗಾಳಿಯನ್ನು ಹಿಡಿದಿಡುವ ಚೀಲ ಮಾತ್ರ. ಸರಕು ತುಂಬಿದ ಸಣ್ಣ ಬಂಡಿಯ ಒಟ್ಟು ತೂಕ 1800 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ನಾಲ್ಕು ಚಕ್ರಗಳಿಗೆ ಸಮನಾಗಿ ಹಂಚಿದರೆ ಒಂದೊಂದಕ್ಕೆ 450 ಕಿಲೋಗ್ರಾಂ, ಅಂದರೆ ಸುಮಾರು 990 ಪೌಂಡು. ಟೈರಿನೊಳಗೆ ಚದರ ಅಂಗುಲಕ್ಕೆ 60 ಪೌಂಡು ಒತ್ತಡವಿದ್ದರೆ ಈ ಭಾರವನ್ನು ಹೊರಲು ಟೈರು ಸುಮಾರು 16.5 ಚದರ ಅಂಗುಲದಷ್ಟು ನೆಲವನ್ನು ಮುಟ್ಟಿದರೆ ಸಾಕು. ಒತ್ತಡ 30 ಪೌಂಡಿಗೆ ಇಳಿದರೆ 33 ಚದರ ಅಂಗುಲ ಮುಟ್ಟಬೇಕಾಗುತ್ತದೆ. ಟೈರು ಚಪ್ಪಟೆಯಾಗುವುದರ ಅರ್ಥ ಇದೇ. ಚಕ್ರ ಉರುಳಿದ ಹಾಗೆಲ್ಲ ಅದರ ಪಕ್ಕೆಗಳು ಬಾಗಿ ಮತ್ತೆ ನೆಟ್ಟಗಾಗುತ್ತವೆ. ಹೀಗೆ ಬಾಗಿಸಲು ಬೇಕಾದ ಶಕ್ತಿಯೆಲ್ಲ ಹಿಂದಕ್ಕೆ ಬರುವುದಿಲ್ಲ. ಒಂದು ಪಾಲು ಶಾಖವಾಗಿ ನಷ್ಟವಾಗುತ್ತದೆ. ಟೈರು ಬಿಸಿಯಾಗಿ ಕೊನೆಗೆ ಒಡೆಯುವುದಕ್ಕೂ ಗಾಳಿಯ ಕೊರತೆಯೇ ಒಂದು ಮುಖ್ಯ ಕಾರಣ.

ವಿದ್ಯುತ್ ಬಂಡಿಯ ವಿಶೇಷ

2001ರಲ್ಲಿ ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ಕಾರಿನಿಂದ ವಿದ್ಯುತ್ ವಾಹನ ಕನ್ನಡಿಗರಿಗೆ ಪರಿಚಿತವಾಯಿತು. ಸರಕುಬಂಡಿಗಳಲ್ಲಿ ಟಾಟಾ ಕಂಪನಿಯ ಏಸ್ ಇ.ವಿ. 2022ರಲ್ಲಿಯೂ, ಮಹೀಂದ್ರ ಕಂಪನಿಯ ಜಿಯೋ 2024ರಲ್ಲಿಯೂ ಬಂದುವು. 2022ರ ಏಸ್ ಬಂಡಿಯನ್ನೇ ನಮ್ಮ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅದರ ಬ್ಯಾಟರಿಯ ಸಾಮರ್ಥ್ಯ 21.3 ಕಿಲೋವಾಟ್-ಗಂಟೆ, ಹೊರಬಲ್ಲ ಸರಕು 600 ಕಿಲೋಗ್ರಾಂ, ಅಂದರೆ 15 ಕಿಲೋ ತೂಗುವ 40 ಟೊಮೆಟೊ ಕ್ರೇಟುಗಳು, ಒಮ್ಮೆ ವಿದ್ಯುತ್ ತುಂಬಿದರೆ ಓಡುವ ದೂರವೆಂದು ಕಂಪನಿ ಪ್ರಕಟಿಸಿದ್ದು 154 ಕಿಲೋಮೀಟರು. ರಸ್ತೆಯಲ್ಲಿ, ಹೊರೆಯೊಡನೆ, ಇಷ್ಟು ದೂರ ಬರಲಾರದು. ಆದರೆ ಹೋಲಿಕೆಗೆ ಈ ಸಂಖ್ಯೆ ಸಾಕು. 21.3ನ್ನು 154ರಿಂದ ಭಾಗಿಸಿದರೆ ಕಿಲೋಮೀಟರಿಗೆ 0.138 ಕಿಲೋವಾಟ್-ಗಂಟೆ ಖರ್ಚೆಂದು ತಿಳಿಯುತ್ತದೆ.

ಈ ಖರ್ಚಿನಲ್ಲಿ ಟೈರಿನ ಪಾಲೆಷ್ಟು? ಒಳ್ಳೆಯ ಸ್ಥಿತಿಯಲ್ಲಿರುವ ಟೈರು ಉರುಳುವಾಗ ಒಡ್ಡುವ ತಡೆ ಬಂಡಿಯ ಭಾರದ ನೂರರಲ್ಲಿ ಒಂದು ಪಾಲು ಎಂದು ಇಟ್ಟುಕೊಳ್ಳೋಣ. 1800 ಕಿಲೋಗ್ರಾಂ ಬಂಡಿಗೆ ಈ ತಡೆ ಸುಮಾರು 176 ನ್ಯೂಟನ್. ಇದನ್ನು ಮೀರಿ 100 ಕಿಲೋಮೀಟರು ಸಾಗಲು ಬೇಕಾದ ಶಕ್ತಿ 1 ಕೋಟಿ 76 ಲಕ್ಷ ಜೂಲ್, ಎಂದರೆ 4.9 ಕಿಲೋವಾಟ್-ಗಂಟೆ. ಗಾಳಿ ತಗ್ಗಿ ತಡೆ ಐದನೆಯ ಒಂದು ಪಾಲಿನಷ್ಟು ಹೆಚ್ಚಿದರೆ ಸುಮಾರು 1 ಕಿಲೋವಾಟ್-ಗಂಟೆ ಅಧಿಕವಾಗಿ ವ್ಯಯವಾಗುತ್ತದೆ. ಕಿಲೋಮೀಟರಿಗೆ 0.138ರಂತೆ, ಇದು 7 ಕಿಲೋಮೀಟರಿನ ಪ್ರಯಾಣಕ್ಕೆ ಸಮ. ಡೀಸೆಲ್ ಬಂಡಿಯಲ್ಲಿಯೂ ಈ ನಷ್ಟವಿದೆ. ಆದರೆ ಅಲ್ಲಿ ಇಂಧನ ತುಂಬಿಸಲು ಐದು ನಿಮಿಷ ಸಾಕು. ವಿದ್ಯುತ್ ಬಂಡಿಗೆ ಚಾರ್ಜ್ ಮಾಡಲು ಕಾಯಬೇಕು. ಮಾರುಕಟ್ಟೆಯಿಂದ ಮನೆಗೆ ಮರಳುವ ಕೊನೆಯ ಏಳು ಕಿಲೋಮೀಟರಿನ ಬೆಲೆ ಚಾಲಕನಿಗೆ ಚೆನ್ನಾಗಿ ಗೊತ್ತು. ಜೊತೆಗೆ ಬ್ಯಾಟರಿಯ ಭಾರವೂ ಟೈರಿನ ಮೇಲೆಯೇ ಇದೆ.

ಎಷ್ಟು ಗಾಳಿ ಬೇಕು?

ಇನ್ನು ಪಂಪಿನ ಕೆಲಸವನ್ನು ಅಳೆಯೋಣ. ಮೊದಲು ಒಂದು ಎಚ್ಚರಿಕೆ: ಒತ್ತಡಮಾಪಕವು ತೋರಿಸುವುದು ಹೊರಗಿನ ವಾಯುಮಂಡಲಕ್ಕಿಂತ ಒಳಗಿನ ಒತ್ತಡ ಎಷ್ಟು ಹೆಚ್ಚು ಎಂಬುದನ್ನು. ಇದು ಮಾಪಕದ ಒತ್ತಡ. ಇದಕ್ಕೆ ವಾಯುಮಂಡಲದ ಒತ್ತಡವನ್ನು ಕೂಡಿಸಿದರೆ ಬರುವುದು ನಿರಪೇಕ್ಷ ಒತ್ತಡ. ಅನಿಲಗಳ ನಿಯಮಗಳೆಲ್ಲ ಅನ್ವಯಿಸುವುದು ಈ ಎರಡನೆಯದಕ್ಕೆ. ಸಮುದ್ರತೀರದ ಚೆನ್ನೈಯಲ್ಲಿ ವಾಯುಮಂಡಲದ ಒತ್ತಡ ಚದರ ಅಂಗುಲಕ್ಕೆ 14.7 ಪೌಂಡು, 800 ಮೀಟರು ಎತ್ತರದಲ್ಲಿ ಸುಮಾರು 13.4 ಪೌಂಡು. ಆದುದರಿಂದ ಚೆನ್ನೈಯಲ್ಲಿ 60 ಪೌಂಡು ತುಂಬಿದ ಟೈರು ಅದೇ ಉಷ್ಣತೆಯಲ್ಲಿ ಮುಳಬಾಗಿಲಿಗೆ ಬಂದಾಗ 61.3 ಪೌಂಡು ತೋರಿಸುತ್ತದೆ. ಗಾಳಿ ಹೆಚ್ಚಲಿಲ್ಲ, ಹೊರಗಿನ ಒತ್ತುವಿಕೆ ಕಡಮೆಯಾಯಿತು, ಅಷ್ಟೆ.

12 ಅಂಗುಲ ರಿಮ್ಮಿನ ಸಣ್ಣ ಸರಕುಬಂಡಿಯ ಟೈರಿನೊಳಗಿನ ಗಾತ್ರ ಸುಮಾರು 15 ಲೀಟರು. ಅದರ ಒತ್ತಡವನ್ನು 30ರಿಂದ 60 ಪೌಂಡಿಗೆ ಏರಿಸಬೇಕಾಗಿದೆ. ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ಉಷ್ಣತೆ ಬದಲಾಗದಿದ್ದರೆ ಒತ್ತಡ ಮತ್ತು ಗಾತ್ರಗಳ ಗುಣಲಬ್ಧ ಸ್ಥಿರ. ಆದುದರಿಂದ ಹೊರಗಿನಿಂದ ಎಳೆದುಕೊಳ್ಳಬೇಕಾದ ಗಾಳಿ 15ನ್ನು 30ರಿಂದ ಗುಣಿಸಿ 13.4ರಿಂದ ಭಾಗಿಸಿದಷ್ಟು, ಅಂದರೆ 33.6 ಲೀಟರು. ಇದೇ ಕೆಲಸಕ್ಕೆ ಚೆನ್ನೈಯಲ್ಲಿ 30.6 ಲೀಟರು ಸಾಕು. ಎತ್ತರದ ನಾಡಿನಲ್ಲಿ ಗಾಳಿ ತೆಳುವಾದುದರಿಂದ ಪಂಪು ನೂರಕ್ಕೆ ಹತ್ತರಷ್ಟು ಹೆಚ್ಚು ಹೊತ್ತು ದುಡಿಯಬೇಕು.

ಪೆಟ್ಟಿಗೆಯ ಮೇಲೆ ‘ನಿಮಿಷಕ್ಕೆ 30 ಲೀಟರು’ ಎಂದು ಬರೆದಿದ್ದರೆ ಒಂದು ನಿಮಿಷ ಚಿಲ್ಲರೆಯಲ್ಲಿ ಕೆಲಸ ಮುಗಿಯಬೇಕಷ್ಟೆ? ಹಾಗಾಗುವುದಿಲ್ಲ. ಆ ಸಂಖ್ಯೆ ಸಾಮಾನ್ಯವಾಗಿ ಎದುರೊತ್ತಡವಿಲ್ಲದೆ ಬಯಲಿಗೆ ಗಾಳಿ ಊದುವಾಗಿನದು. ಒತ್ತಡ ಏರಿದಂತೆ ಗಾಳಿಯ ಪ್ರಮಾಣ ಕುಗ್ಗುತ್ತದೆ. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಎದುರೊತ್ತಡ ಹೆಚ್ಚಿದಂತೆ ಸಣ್ಣ ಮೋಟಾರಿನ ವೇಗ ತಗ್ಗುತ್ತದೆ. ಎರಡನೆಯ ಕಾರಣ ಹೆಚ್ಚು ಸ್ವಾರಸ್ಯವಾದುದು. ಪಿಸ್ಟನ್ ತನ್ನ ಓಟದ ತುದಿಯನ್ನು ತಲಪಿದಾಗಲೂ ಸಿಲಿಂಡರಿನಲ್ಲಿ ಸ್ವಲ್ಪ ಎಡೆ ಉಳಿದೇ ಇರುತ್ತದೆ. ಅಲ್ಲಿ ಸಿಕ್ಕಿಬಿದ್ದ ಒತ್ತಿದ ಗಾಳಿ ಪಿಸ್ಟನ್ ಹಿಂದೆ ಸರಿಯುವಾಗ ಹಿಗ್ಗಿ, ಹೊಸ ಗಾಳಿ ಬರಬೇಕಾದ ಸ್ಥಳವನ್ನು ಆಕ್ರಮಿಸುತ್ತದೆ. ಉಳಿದ ಎಡೆ ಪಿಸ್ಟನ್ ಓಟದ ಗಾತ್ರದ ಇಪ್ಪತ್ತನೆಯ ಒಂದು ಪಾಲು ಎಂದಿಟ್ಟುಕೊಂಡರೆ, 60 ಪೌಂಡಿನಲ್ಲಿ ಹೊಸದಾಗಿ ಬರುವ ಗಾಳಿ ನೂರಕ್ಕೆ 78ರಷ್ಟು ಮಾತ್ರ. ಒತ್ತಡ ಇನ್ನೂ ಏರಿದರೆ ಪಂಪು ಅದೇ ಗಾಳಿಯನ್ನು ಒತ್ತುತ್ತ, ಬಿಡುತ್ತ ಇರುತ್ತದೆಯೇ ಹೊರತು ಹೊಸತನ್ನು ಎಳೆಯಲಾರದು. ‘ಗರಿಷ್ಠ ಒತ್ತಡ 150 ಪೌಂಡು’ ಎಂಬ ಬರಹ ಈ ಕೊನೆಯ ಸ್ಥಿತಿಯ ಸಮೀಪದ ಮಾತು. ಆ ಒತ್ತಡವನ್ನು ಮುಟ್ಟಬಲ್ಲುದು ಎಂದರೆ ಬೇಗ ಮುಟ್ಟಬಲ್ಲುದು ಎಂದು ಅರ್ಥವಲ್ಲ. ಕೊಳ್ಳುವವನು ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಟೈರನ್ನು, ನನಗೆ ಬೇಕಾದ ಒತ್ತಡಕ್ಕೆ, ಎಷ್ಟು ನಿಮಿಷದಲ್ಲಿ ತರುತ್ತದೆ?

ಒತ್ತಿದ ಗಾಳಿಯ ಬಿಸಿ

ಸೈಕಲ್ ಪಂಪಿನ ತಳ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ತಿಕ್ಕಾಟದಿಂದ ಹುಟ್ಟುವ ಬಿಸಿ ಅದರಲ್ಲಿ ಅಲ್ಪ. ಮುಖ್ಯ ಕಾರಣ ಗಾಳಿಯನ್ನು ಒತ್ತುವಿಕೆಯೇ. ಒತ್ತುವಾಗ ನಾವು ಮಾಡುವ ಕೆಲಸ ಗಾಳಿಯ ಅಣುಗಳ ಚಲನೆಯ ಶಕ್ತಿಯಾಗಿ ಪರಿಣಮಿಸುತ್ತದೆ. 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯನ್ನು ನಂಗಲಿಯ ವಾಯುಮಂಡಲದ ಒತ್ತಡದಿಂದ ಮಾಪಕದ 60 ಪೌಂಡಿಗೆ ಥಟ್ಟನೆ, ಶಾಖ ಹೊರಹೋಗಲು ಎಡೆಗೊಡದೆ ಒತ್ತಿದರೆ ಅದರ ಉಷ್ಣತೆ ಲೆಕ್ಕದ ಪ್ರಕಾರ ಸುಮಾರು 215 ಡಿಗ್ರಿಗೆ ಏರುತ್ತದೆ. ವಾಸ್ತವದಲ್ಲಿ ಲೋಹದ ಗೋಡೆಗಳು ಸ್ವಲ್ಪ ಶಾಖವನ್ನು ಹೀರುವುದರಿಂದ ಇಷ್ಟಾಗದು. ಆದರೂ ಮುಷ್ಟಿಗಾತ್ರದ ಸಿಲಿಂಡರಿಗೆ ಈ ಬಿಸಿ ಅತಿಯೇ. ಆದುದರಿಂದಲೇ ‘10 ನಿಮಿಷ ನಡೆಸಿ, 10 ನಿಮಿಷ ನಿಲ್ಲಿಸಿ’ ಎಂಬಂಥ ಸೂಚನೆ ಪಂಪಿನೊಡನೆ ಬರುತ್ತದೆ. ಈ ದುಡಿಮೆಯ ಅವಧಿಯೇ ಪಂಪಿನ ನಿಜವಾದ ಯೋಗ್ಯತೆಯ ಗುರುತು. ಒಂದು ಟೈರಿಗೆ ನಾಲ್ಕು ನಿಮಿಷ ಹಿಡಿಯುವ ಪಂಪು ನಾಲ್ಕು ಟೈರುಗಳಿಗೆ 16 ನಿಮಿಷ ಓಡಬೇಕು. ಹತ್ತು ನಿಮಿಷದ ಅವಧಿಯ ಪಂಪಿಗೆ ನಡುವೆ ವಿಶ್ರಾಂತಿ ಬೇಕೇ ಬೇಕು. ಕೊಡದಿದ್ದರೆ ಒಳಗಿನ ಪ್ಲಾಸ್ಟಿಕ್ ಮತ್ತು ರಬ್ಬರಿನ ಭಾಗಗಳು ಕೆಡುತ್ತವೆ.

ಒತ್ತಿದ ಗಾಳಿಯೂ ವಿದ್ಯುತ್ತೂ ಕೋಲಾರ ಜಿಲ್ಲೆಗೆ ಹೊಸ ನಂಟರಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಕೋಲಾರ ಚಿನ್ನದ ಗಣಿಗಳಿಗೆ ಹರಿದುಬಂದಿತು. ಗಣಿಯಾಳದಲ್ಲಿ ಬಂಡೆ ಕೊರೆಯುವ ಬೈರಿಗೆಗಳನ್ನು ನಡೆಸುತ್ತಿದ್ದುದು ಒತ್ತಿ ತುಂಬಿದ ಗಾಳಿ. 2001ರಲ್ಲಿ ಆ ಗಣಿಗಳು ಮುಚ್ಚಿದುವು. ಅಲ್ಲಿಯ ಭಾರಿ ಯಂತ್ರಗಳಿಗೂ ಅಂಗೈಯಗಲದ ಈ ಪಂಪಿಗೂ ಅನ್ವಯಿಸುವ ನಿಯಮಗಳು ಒಂದೇ.

ಶಕ್ತಿ ಎಲ್ಲಿಂದ?

ಸಣ್ಣ ಪಂಪುಗಳಲ್ಲಿ ಎರಡು ಜಾತಿ. ತನ್ನೊಳಗೇ ಲಿಥಿಯಂ ಬ್ಯಾಟರಿಯನ್ನು ಇಟ್ಟುಕೊಂಡಿರುವುದು ಒಂದು; ವಾಹನದ 12 ವೋಲ್ಟ್ ಸಾಕೆಟ್ಟಿಗೆ ತಂತಿಯಿಂದ ಸೇರಿಸುವುದು ಇನ್ನೊಂದು.

ನಮ್ಮ ಟೈರನ್ನು 30ರಿಂದ 60 ಪೌಂಡಿಗೆ ಏರಿಸಲು ಪಂಪು 12 ವೋಲ್ಟಿನಲ್ಲಿ 8 ಆಂಪೇರ್ ವಿದ್ಯುತ್ತನ್ನು 4 ನಿಮಿಷ ಎಳೆಯಿತು ಎನ್ನೋಣ. 96 ವಾಟು ಸಾಮರ್ಥ್ಯ, ನಾಲ್ಕು ನಿಮಿಷ, ಎಂದರೆ 6.4 ವಾಟ್-ಗಂಟೆ. ಯಾವ ನಷ್ಟವೂ ಇಲ್ಲದ ಆದರ್ಶ ಪಂಪಿಗೆ ಇದರಲ್ಲಿ 1.3 ವಾಟ್-ಗಂಟೆ ಸಾಕಾಗುತ್ತಿತ್ತು. ಉಳಿದುದು ಬಹುಮಟ್ಟಿಗೆ ಬಿಸಿಯಾಗಿ, ತುಸು ಸದ್ದಾಗಿ ಹೋಗುತ್ತದೆ. ತಲಾ 3.7 ವೋಲ್ಟಿನ, 2.5 ಆಂಪೇರ್-ಗಂಟೆಯ ಎರಡು ಕೋಶಗಳಿರುವ ಬ್ಯಾಟರಿಯ ಸಂಗ್ರಹ 18.5 ವಾಟ್-ಗಂಟೆ. ಈ ದರದಲ್ಲಿ ಅದು ಮೂರನೆಯ ಟೈರು ಮುಗಿಯುವ ಮೊದಲೇ ಬರಿದಾಗುತ್ತದೆ. ಕಾರಿಗೂ ಮೋಟಾರುಸೈಕಲ್ಲಿಗೂ ಅನುಕೂಲವಾದ ಈ ಜಾತಿ ಸರಕುಬಂಡಿಗೆ ಸಾಲದು. ಮೇಲಾಗಿ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಬಂಡಿಯೊಳಗಿನ ಕಾವಿಗೆ ಲಿಥಿಯಂ ಕೋಶಗಳ ಆಯುಸ್ಸು ಕುಗ್ಗುತ್ತದೆ.

ತಂತಿಯ ಪಂಪಿಗೆ ಶಕ್ತಿಯ ಕೊರತೆಯಿಲ್ಲ. ನಾಲ್ಕು ಟೈರುಗಳಿಗೆ ಬೇಕಾಗುವ 26 ವಾಟ್-ಗಂಟೆ ಬಂಡಿಯ ದೊಡ್ಡ ಬ್ಯಾಟರಿಯ ಎಂಟುನೂರರಲ್ಲಿ ಒಂದು ಪಾಲು. ಓಟದ ಲೆಕ್ಕದಲ್ಲಿ 200 ಮೀಟರಿಗೂ ಕಡಮೆ. ಏಳು ಕಿಲೋಮೀಟರನ್ನು ಉಳಿಸಲು 200 ಮೀಟರು ತೆರುವುದು ಲಾಭದ ವ್ಯಾಪಾರವೇ ಸರಿ. ಆದರೆ ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ವಿದ್ಯುತ್ ವಾಹನದ ದೀಪ, ಹಾರನ್ನು, ಸಾಕೆಟ್ಟುಗಳಿಗೆ ಸಾಮಾನ್ಯವಾಗಿ 12 ವೋಲ್ಟಿನ ಪ್ರತ್ಯೇಕವಾದ ಸಣ್ಣ ಬ್ಯಾಟರಿಯೊಂದು ಇರುತ್ತದೆ. ವಾಹನ ಚಾಲೂ ಇರುವಾಗ ದೊಡ್ಡ ಬ್ಯಾಟರಿ ಅದನ್ನು ತುಂಬುತ್ತಿರುತ್ತದೆ. ಆದುದರಿಂದ ಕೈಬ್ರೇಕನ್ನು ಬಿಗಿದು, ಗೇರನ್ನು ತಟಸ್ಥದಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಬಂಡಿಯನ್ನು ಚಾಲೂ ಸ್ಥಿತಿಯಲ್ಲಿರಿಸಿ ಪಂಪನ್ನು ನಡೆಸಬೇಕು. ಇಲ್ಲವಾದರೆ ಸಣ್ಣ ಬ್ಯಾಟರಿ ಬರಿದಾಗಿ, ದೊಡ್ಡದರಲ್ಲಿ ಶಕ್ತಿಯಿದ್ದರೂ ಬಂಡಿ ಏಳದೆ ಹೋಗಬಹುದು. ಎರಡನೆಯದು, ಸಾಕೆಟ್ಟಿನ ಫ್ಯೂಸು. 10 ಆಂಪೇರ್ ಫ್ಯೂಸು ತಾಳುವುದು 120 ವಾಟು ಮಾತ್ರ. 20–30 ಆಂಪೇರ್ ಎಳೆಯುವ ದೊಡ್ಡ ಪಂಪುಗಳನ್ನು ಬ್ಯಾಟರಿಗೇ ಚಿಮಟದಿಂದ ಕಚ್ಚಿಸಬೇಕಾಗುತ್ತದೆ. ವಿದ್ಯುತ್ ಬಂಡಿಯಲ್ಲಿ ತಿಳಿಯದವರು ಈ ಸಾಹಸಕ್ಕೆ ಕೈಹಾಕಬಾರದು. ಕಿತ್ತಳೆ ಬಣ್ಣದ ಹೊದಿಕೆಯುಳ್ಳ ತಂತಿಗಳಲ್ಲಿ ಪ್ರಾಣಾಂತಿಕವಾದ ಅಧಿಕ ವೋಲ್ಟೇಜು ಇರುತ್ತದೆ; ಅವುಗಳನ್ನು ಮುಟ್ಟಲೇಬಾರದು.

ಮಾಪಕ ಮತ್ತು ಹೊತ್ತು

ಗಾಳಿಯ ಒತ್ತಡ ಉಷ್ಣತೆಯನ್ನು ಅನುಸರಿಸುತ್ತದೆ. 20 ಡಿಗ್ರಿಯ ಬೆಳಗ್ಗೆ 60 ಪೌಂಡು ಇದ್ದ ಟೈರಿನ ನಿರಪೇಕ್ಷ ಒತ್ತಡ 73.4 ಪೌಂಡು. ಓಡಿ ಓಡಿ ಅದು 50 ಡಿಗ್ರಿಗೆ ಕಾದರೆ, 293 ಕೆಲ್ವಿನ್ 323 ಕೆಲ್ವಿನ್ ಆಗಿ, ಒತ್ತಡ 80.9ಕ್ಕೆ ಏರುತ್ತದೆ, ಮಾಪಕ 67.5 ತೋರಿಸುತ್ತದೆ. ‘ಗಾಳಿ ಹೆಚ್ಚಾಯಿತು’ ಎಂದು ಆಗ ಹೊರಬಿಟ್ಟರೆ ಮರುದಿನ ಬೆಳಗ್ಗೆ ಕೊರತೆ ಬೀಳುವುದು ಖಂಡಿತ. ಹತ್ತು ಡಿಗ್ರಿಗೆ ಸುಮಾರು ಎರಡೂವರೆ ಪೌಂಡು ಎಂದು ನೆನಪಿಟ್ಟುಕೊಂಡರೆ ಸಾಕು. ಆದುದರಿಂದ ಓಟಕ್ಕೆ ಮುನ್ನ, ಟೈರು ತಣ್ಣಗಿರುವಾಗ ಅಳೆಯುವುದು ಕ್ರಮ. ಮನೆಯಲ್ಲಿಯೇ ಪಂಪು ಇರುವುದರ ದೊಡ್ಡ ಪ್ರಯೋಜನವೂ ಇದೇ. ಅಂಗಡಿ ಮುಟ್ಟುವ ಹೊತ್ತಿಗೆ ಟೈರು ಕಾದಿರುತ್ತದೆ.

ತುಂಬಬೇಕಾದ ಒತ್ತಡವನ್ನು ಬಂಡಿಯ ಮೇಲೆ ಅಂಟಿಸಿರುವ ಚೀಟಿಯಿಂದ ಅಥವಾ ಕೈಪಿಡಿಯಿಂದ ತಿಳಿಯಬೇಕು. ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವುದು ಟೈರು ತಾಳಬಲ್ಲ ಮಿತಿ. ಅದು ತುಂಬಬೇಕಾದ ಪ್ರಮಾಣವಲ್ಲ. ಹಿಂದಿನ ಚಕ್ರಗಳಿಗೂ ಮುಂದಿನವುಗಳಿಗೂ, ಹೊರೆಯಿದ್ದಾಗಲೂ ಇಲ್ಲದಾಗಲೂ ಈ ಪ್ರಮಾಣ ಬೇರೆಯಾಗಿರಬಹುದು. ಪಂಪಿನ ಮಾಪಕವನ್ನು ಕುರುಡಾಗಿ ನಂಬದೆ ಬೇರೊಂದು ಒಳ್ಳೆಯ ಮಾಪಕದೊಡನೆ ಹೋಲಿಸಿ ನೋಡಬೇಕು. ನೂರಕ್ಕೆ ಐದರ ತಪ್ಪು ಎಂದರೂ 60ರಲ್ಲಿ ಮೂರು ಪೌಂಡು.

ಆಯ್ಕೆಯ ಸೂತ್ರ

ಈವರೆಗಿನ ವಿಚಾರದಿಂದ ಸಣ್ಣ ವಿದ್ಯುತ್ ಸರಕುಬಂಡಿಗೆ ತಕ್ಕ ಪಂಪಿನ ಲಕ್ಷಣಗಳು ಹೀಗೆ ಸಿದ್ಧವಾಗುತ್ತವೆ:

1. ತಂತಿಯಿಂದ 12 ವೋಲ್ಟ್ ಸಾಕೆಟ್ಟಿಗೆ ಸೇರುವಂಥದು. ಎಳೆಯುವ ವಿದ್ಯುತ್ತು ಸಾಕೆಟ್ಟಿನ ಫ್ಯೂಸಿನ ಮಿತಿಯೊಳಗಿರಬೇಕು.

2. ಲೋಹದ ಸಿಲಿಂಡರಿನದು, ಬಿಡದೆ ಕನಿಷ್ಠ 15 ನಿಮಿಷ ದುಡಿಯಬಲ್ಲುದು.

3. ಗರಿಷ್ಠ ಒತ್ತಡ ನಮಗೆ ಬೇಕಾದುದಕ್ಕಿಂತ ಸಾಕಷ್ಟು ಮೇಲಿರಬೇಕು. 60 ಪೌಂಡಿನ ಟೈರಿಗೆ 100 ಪೌಂಡಿನ ಪಂಪು ಸಾಕು. ಅದಕ್ಕೂ ಮೇಲಿನ ಸಂಖ್ಯೆಗೆ ಹಣ ತೆರುವ ಅಗತ್ಯವಿಲ್ಲ.

4. ಸಾಕೆಟ್ಟು ಚಾಲಕನ ಮುಂದಿರುತ್ತದೆ. ಹಿಂದಿನ ಚಕ್ರ ದೂರ. ತಂತಿ ಮತ್ತು ಕೊಳವೆ ಸೇರಿ ನಾಲ್ಕೈದು ಮೀಟರು ಉದ್ದವಿರಬೇಕು.

5. ವಾಲ್ವಿಗೆ ತಿರುಪಿನಿಂದ ಬಿಗಿಯುವ ತುದಿ ಗಾಳಿ ಸೋರದಂತೆ ಹಿಡಿಯುತ್ತದೆ. ನಿಗದಿಯಾದ ಒತ್ತಡದಲ್ಲಿ ತಾನಾಗಿ ನಿಲ್ಲುವ ಏರ್ಪಾಡಿದ್ದರೆ ಮತ್ತೂ ಒಳ್ಳೆಯದು.

ಕೊಂಡ ದಿನವೇ ಸ್ಟೆಪ್ನಿ ಚಕ್ರದ ಮೇಲೆ ಪರೀಕ್ಷೆ ಮಾಡಿ ನೋಡಬಹುದು. ಗಾಳಿಯನ್ನು 30 ಪೌಂಡಿಗೆ ಇಳಿಸಿ, ಗಡಿಯಾರ ಹಿಡಿದು, ಪ್ರತಿ ಹತ್ತು ಪೌಂಡು ಏರಲು ಎಷ್ಟು ಹೊತ್ತಾಯಿತೆಂದು ಬರೆದಿಡಿ. ಮೊದಲ ಹತ್ತಕ್ಕಿಂತ ಕೊನೆಯ ಹತ್ತಕ್ಕೆ ಹೆಚ್ಚು ಹೊತ್ತು ಹಿಡಿಯುವುದನ್ನು ಕಾಣುವಿರಿ; ಅದರ ಕಾರಣ ಈಗ ನಿಮಗೆ ತಿಳಿದಿದೆ. ತುಂಬುವಾಗ ಟೈರಿನ ಎದುರಿಗೆ ಕೂರದೆ ಪಕ್ಕಕ್ಕೆ ಸರಿದು ನಿಲ್ಲುವುದು ಕ್ಷೇಮ. ಇನ್ನೊಂದು ಮಾತು: ಪಂಪು ಗಾಳಿಯನ್ನು ತುಂಬುತ್ತದೆ, ತೂತನ್ನು ಮುಚ್ಚುವುದಿಲ್ಲ. ಮೊಳೆ ಚುಚ್ಚಿದ ಟೈರಿಗೆ ಗಾಳಿ ತುಂಬಿ ಹತ್ತಿರದ ಪಂಕ್ಚರ್ ಅಂಗಡಿಯನ್ನು ಸೇರಬಹುದು. ಪಕ್ಕೆ ಸೀಳಿದ ಟೈರಿಗೆ ಸ್ಟೆಪ್ನಿಯೇ ಗತಿ.

ಅಭ್ಯಾಸ

1. 20 ಲೀಟರು ಗಾತ್ರದ ಟೈರನ್ನು ನಂಗಲಿಯಲ್ಲಿ 40ರಿಂದ 60 ಪೌಂಡಿಗೆ ಏರಿಸಬೇಕು. ಆ ಒತ್ತಡದಲ್ಲಿ ಪಂಪು ನಿಮಿಷಕ್ಕೆ ಹೊರಗಿನ ಗಾಳಿಯನ್ನು 10 ಲೀಟರಿನಂತೆ ಎಳೆಯುತ್ತದೆ. ಎಷ್ಟು ಹೊತ್ತು ಬೇಕು?

2. 35 ಡಿಗ್ರಿಯ ಮಧ್ಯಾಹ್ನದಲ್ಲಿ 60 ಪೌಂಡು ತುಂಬಿದ ಟೈರು 15 ಡಿಗ್ರಿಯ ನಸುಕಿನಲ್ಲಿ ಎಷ್ಟು ತೋರಿಸುವುದು?

3. 150 ವಾಟಿನ ಪಂಪನ್ನು 10 ಆಂಪೇರ್ ಫ್ಯೂಸಿರುವ 12 ವೋಲ್ಟ್ ಸಾಕೆಟ್ಟಿಗೆ ಸೇರಿಸಬಹುದೆ?

ಉತ್ತರಗಳು: 1. ಸುಮಾರು 3 ನಿಮಿಷ. 2. ಸುಮಾರು 55 ಪೌಂಡು. 3. ಕೂಡದು, ಅದು 12.5 ಆಂಪೇರ್ ಎಳೆಯುತ್ತದೆ.